ಈ ‘ವಿ’ ಯಾವ ‘ವಿ’

ಪಾಠ ನಾಲ್ಕು. ಪ್ಯಾಸೇಜ್ ಶುರುವಾಗುವುದು ಹೀಗೆ:
ವಿ ರೀಚ್ಡ್ ದಿ ಐಲೆಂಡ್ ಬಿಫೋರ್ ಡಾರ್ಕ್.
ಕೆಳಗೆ ಪ್ರಶ್ನೆ: ಕತೆ ಹೇಳುತ್ತಿರುವವರು ಯಾರು? ಒಂದು ಅಂಕ.

ಒಂಬತ್ತನೇ ಬಿ. ಕಿಟಕಿಯಾಚೆ ಬೆಂಗ್ರೆಯ ಮರಳು,
ಒಣಹಾಕಿದ ಮೀನಿನ ವಾಸನೆ.
ರೋಣದಿಂದ ವರ್ಗವಾಗಿ ಬಂದ ನನ್ನ ಮೂಗಿಗೆ
ದಿನಾ ಬೆಳಿಗ್ಗೆ ಅದು ಹೊಸದು.

ಬೋರ್ಡಿನ ಮೇಲೆ ಬರೆದೆ:
‘ಐ’ ಬಂದರೆ, ‘ವಿ’ ಬಂದರೆ
ಹೇಳುವವನು ಕತೆಯ ಒಳಗಿದ್ದಾನೆ.
ಬರೀ ‘ಹಿ’, ‘ಶಿ’, ‘ದೇ’ ಇದ್ದರೆ
ಹೊರಗೆ ನಿಂತು ನೋಡುತ್ತಿದ್ದಾನೆ.
ಸೀಮೆಸುಣ್ಣ ಮುರಿಯಿತು. ಮಕ್ಕಳು ಇಳಿಸಿಕೊಂಡರು
ಮುರಿದಲ್ಲಿ ಎಳೆದುಹೋದ ಗೀಟಿನ ಸಮೇತ.

ಮಿಸ್ರಿಯಾ ಎದ್ದಳು.
ಮನೆಯಲ್ಲಿ ಬ್ಯಾರಿ, ಫೆರ್ರಿಯಲ್ಲಿ ತುಳು,
ನನ್ನೆದುರು ಕನ್ನಡ ಆಡುವ ಹುಡುಗಿ.
ಟೀಚರ್, ಈ ‘ವಿ’ ಯಾವ ‘ವಿ’?

‘ವಿ’ ಅಂದ್ರ ‘ವಿ’. ನಾವು.

ಅಲ್ಲ ಟೀಚರ್. ‘ನಮ’ವಾ, ‘ಎಂಕುಲು’ವಾ?

ಕ್ಲಾಸಿಗೆ ಕ್ಲಾಸೇ ನಕ್ಕಿತು.
ತಿಳಿಯದೆ ನಿಂತವಳು ನಾನೊಬ್ಬಳೇ.
ಅವಳೇ ಬಿಡಿಸಿ ಹೇಳಿದಳು ನಿಧಾನ,
ಸಣ್ಣವರಿಗೆ ಮಗ್ಗಿ ಹೇಳಿಕೊಡುವ ಹಾಗೆ:
‘ನಮ’ ಅಂದರೆ ನೀವೂ ಸೇರಿ.
‘ಎಂಕುಲು’ ಅಂದರೆ ನಾವಷ್ಟೇ, ನೀವಿಲ್ಲ.
ಇವರು ದ್ವೀಪಕ್ಕೆ ಹೋದದ್ದು
ಓದುವವರನ್ನು ಕರಕೊಂಡಾ, ಬಿಟ್ಟಾ?

ಗೈಡ್ ತೆರೆದೆ. ‘ಲೇಖಕ ಮತ್ತು ಅವನ ಗೆಳೆಯರು’ ಅಂತಿತ್ತು.
ಬರಕೊಳ್ಳಿ, ಅಂದೆ.

ಅವಳಿಗೆ ಇದನ್ನು ಹೇಳಲಿಲ್ಲ:
ಹೋದ ಶನಿವಾರ ಸ್ಟಾಫ್‌ರೂಮಿನಲ್ಲಿ
ಕಾರ್ಕಳದ ಮದುವೆಯ ಮಾತು.
‘ನಾವು ನಾಳೆ ಒಂಬತ್ತಕ್ಕೆ ಹೊರಡುವುದು’ ಅಂದರು,
ನಾನಿದ್ದೇನೆಂದು ಕನ್ನಡದಲ್ಲೇ.
ರಾತ್ರಿ ಇಳಕಲ್ ಸೀರೆಗೆ ಇಸ್ತ್ರಿ ಹಾಕಿದೆ,
ಬೆಳಿಗ್ಗೆ ಉಟ್ಟು ಕೂತೆ, ಫೋನು ಮಡಿಲಲ್ಲಿ.
ಹತ್ತೂವರೆಗೆ ಮಡಚಿಟ್ಟೆ.
ತಪ್ಪು ಯಾರದೂ ಅಲ್ಲ,
ಸರ್ವನಾಮದ್ದು.

ಘಟಕ ಪರೀಕ್ಷೆಗೆ ಅದೇ ಪ್ರಶ್ನೆ ಕೊಟ್ಟಿದ್ದೆ.
ಮೂವತ್ತೊಂದು ಜನ ಗೈಡಿನದನ್ನೇ ಬರೆದರು.
ಮಿಸ್ರಿಯಾ ಬರೆದದ್ದು:
ದೇ ವೆಂಟ್. ಹಿ ಡಿಡ್ ನಾಟ್ ಆಸ್ಕ್ಡ್ ಮಿ.

ಬಂದರಿಗೆ ಮರಳುವ ಸಂಜೆಯ ಫೆರ್ರಿ.
ಎರಡು ಸ್ಕೂಟರ್, ಒಂದು ಸಿಲಿಂಡರಿನ ನಡುವೆ ಕೂತು
ಕೆಂಪು ಪೆನ್ನು ತೆಗೆದೆ.
‘ಡಿಡ್’ ಬಂದ ಮೇಲೆ ‘ಆಸ್ಕ್ಡ್’ ಬರಬಾರದು:
ಬಾಲಕ್ಕೆ ಒಂದು ಸುತ್ತು ಹಾಕಿದೆ.
ಅಂಕದ ಜಾಗದಲ್ಲಿ ಪೆನ್ನು ನಿಂತಿತು.
ಹಗ್ಗ ಬಿಚ್ಚುವವನು ಏನೋ ಕೂಗಿದ.
ಎಂಜಿನ್ನಿನ ಸದ್ದಿಗೆ
‘ನಮ’ ಅಂದನೋ ‘ಎಂಕುಲು’ ಅಂದನೋ ಕೇಳಿಸಲಿಲ್ಲ,
ನಾನಾಗಲೇ ನಡುಹೊಳೆಯಲ್ಲಿದ್ದೆ.