ಕೈಗಡ

ಅಕ್ಷರ ದುಂಡಗಿವೆಯೆಂದು ಆರಿಸಿದರು ನನ್ನನ್ನು.
ಬೇರೆ ಗುಣವೇನೂ ಇರಲಿಲ್ಲ;
ಒಂಬತ್ತನೇ ಕ್ಲಾಸಿನ ಕಡೆಯ ಬೆಂಚು, ಅಂಗಿಗೆ ಎರಡೇ ಗುಂಡಿ.
"ಹತ್ತನೇ ಕ್ಲಾಸಿನ ಹುಡುಗಿ, ಕಣ್ಣು ಕಾಣಂಗಿಲ್ಲ.
ಆಕಿ ಹೇಳ್ತಾಳ, ನೀ ಬರಿ.
ದಾನ ಗೀನ ಅಂದ್ಕೋಬ್ಯಾಡ, ಮೂರು ತಾಸು ಕೈಗಡ,"
ಎಂದರು ಹೆಡ್‌ಮಾಸ್ತರು ವಿರುಪಣ್ಣ.
ಒಪ್ಪಿದ್ದು ಪುಣ್ಯಕ್ಕಲ್ಲ.
ಬರೆಯುವವರಿಗೆ ಚಾ, ಒಂದು ಪುಡಿಕೆ ಬಿಸ್ಕೀಟು
ಎಂದು ಜವಾನ ಹೇಳಿದ್ದ.

ಮಸ್ಕಿ. ಮಾರ್ಚಿಗೇ ಬಂಡೆಗಳು ರೊಟ್ಟಿಯ ಹಂಚು;
ಗುಡ್ಡ ಹತ್ತಿದ ಗಾಳಿ ಕೆಳಗಿಳಿಯಲು ಒಲ್ಲೆನ್ನುವ ದಿನಗಳು.
ನಮಗಿಬ್ಬರಿಗೇ ಬೇರೆ ಕೋಣೆ, ವಿಜ್ಞಾನದ ಲ್ಯಾಬು:
ಭರಣಿಯಲ್ಲಿ ಬಿಳಿಚಿಕೊಂಡ ಕಪ್ಪೆ,
ಒಂದು ಪಕ್ಕೆಲುಬು ಕಳಕೊಂಡ ಅಸ್ಥಿಪಂಜರ,
ಬಾಗಿಲಿಗೆ ಕುರ್ಚಿ ಹಾಕಿ ತೂಕಡಿಸುವ ಮೇಷ್ಟ್ರು.
ಎದುರಿಗೆ ಹುಲಿಗೆಮ್ಮ.
ಎಣ್ಣೆ ಹಚ್ಚಿ ಬಿಗಿದ ಎರಡು ಜಡೆ,
ಮೇಜಿನ ಗೀರುಗಳನ್ನು ಸವರುವ ಬೆರಳು.

ಮೊದಲ ದಿನ ಕನ್ನಡ.
ಹಗೇವು ತೆಗೆದು ಜೋಳ ಮೊಗೆದಂತೆ ಅವಳ ಮಾತು,
ತಾಯ ಹಿಂದೆ ಏದುವ ಕರು ನನ್ನ ಪೆನ್ನು.
ಸಾಲಿಗೊಮ್ಮೆ ನಿಂತು ಕೇಳುವಳು:
"ಧರ್ಮಕ್ಕ ಹೊಟ್ಟಿ ಸೀಳಿದೇನು?"
"ಸೀಳಿದೆ."
"ಸುಳ್ಳು. ಪೆನ್ನಿನ ಸಪ್ಪಳ ಬರಲಿಲ್ಲ."
ಹೌದು, ಸೀಳಿರಲಿಲ್ಲ.
ಮಹಾಪ್ರಾಣ ನಮ್ಮ ಓಣಿಯ ನಾಲಿಗೆಗೆ ದಕ್ಕಿದ್ದಲ್ಲ;
ಧನವೂ ದನವೂ ನಮ್ಮಲ್ಲಿ ಒಂದೇ ಗೂಟಕ್ಕೆ.

ಸಮಾಜದ ದಿನ, ನಕಾಶೆಯ ಬದಲು ಅವಳಿಗೆ ಬೇರೆ ಪ್ರಶ್ನೆ.
"ಬಡಗಕ್ಕ ಕೃಷ್ಣಾ, ತೆಂಕಕ್ಕ ತುಂಗಭದ್ರಾ,
ನಡುವ ನಾವು."
ತಾನೇ ನಕ್ಕು, "ನಾವು ಅಂತ ಬರದಿದ್ರ ಹೊಡಿ ಅದನ್ನ."
ಬರೆದಿದ್ದೆ. ಹೊಡೆದೆ.

ಪರೀಕ್ಷೆ ಮುಗಿದ ಮೇಲೆ ಚಾ ಬಂತು, ಬಸಿಯಲ್ಲಿ ಅರ್ಧ ಚೆಲ್ಲಿ.
"ಗುಡ್ಡದಾಗಿನ ಅಶೋಕನ ಕಲ್ಲು ನೋಡಾಕ
ಸಾಲಿಯವರೆಲ್ಲ ಹೋಗಿದ್ವಿ.
ಮುಟ್ತೀನ್ರಿ ಅಂದೆ, ಕಾವಲಿನಾತ ಒಲ್ಲೆ ಅಂದ.
ಕೊರದ ಅಕ್ಷರ ಅಂದ್ರ ನನ್ನ ಸಲುವಾಗೇ ಅಲ್ಲೇನು?
ಕಣ್ಣಿದ್ದವರು ನಿಂತು ನೋಡಿದ್ರು,
ಒಬ್ಬರಿಗೂ ಓದಾಕ ಬರಲಿಲ್ಲ."
ಬಿಸ್ಕೀಟು ಅದ್ದುತ್ತ, ಅದು ಮುರಿದು ಬೀಳುವ ಮೊದಲೇ ಎತ್ತಿ:
"ಹೇಳಿದಾತ ಅಶೋಕ.
ಕೊರದಾತಗ ಹೆಸರಿಲ್ಲ ನೋಡು, ನಿನ್ನಂಗ."

ವಿಜ್ಞಾನದ ದಿನ ಪ್ರಶ್ನೆ ಓದುತ್ತ ನಾನು ತೊದಲಿದೆ:
ಮಾನವನ ಕಣ್ಣಿನ ಭಾಗಗಳನ್ನು ವಿವರಿಸಿ. ನಾಲ್ಕು ಅಂಕ.
ಅವಳು ತೊದಲಲಿಲ್ಲ.
ಕಾರ್ನಿಯಾ, ಪಾಪೆ, ಮಸೂರ, ಅಕ್ಷಿಪಟಲ,
ತನ್ನ ಮನೆಯ ಪಡಸಾಲೆ, ಅಡುಗೆಮನೆ, ಹಿತ್ತಲು ತೋರಿಸುವಂತೆ
ಒಂದೊಂದೇ ಹೇಳಿ,
"ಪೂರ್ಣವಿರಾಮ," ಎಂದಳು.

ತಡೆದದ್ದು ಅದರ ಕೆಳಗೆ, ಒಂದಂಕದ ಪ್ರಶ್ನೆಗೆ.
ವಿದ್ಯುತ್ ರೋಧದ ಏಕಮಾನ?
ಉತ್ತರ ಅವಳ ಬೆನ್ನ ಹಿಂದಿನ ಗೋಡೆಯಲ್ಲೇ ತೂಗುತ್ತಿತ್ತು.
ಎಲ್ಲ ಕೋಣೆಯ ಪಟಗಳನ್ನು ಇಳಿಸಿದ್ದರು;
ಇವಳಿಗೇಕೆಂದು ಇದನ್ನು ಬಿಟ್ಟಿದ್ದರು.
ಮೇಷ್ಟ್ರ ಗೊರಕೆ. ಫ್ಯಾನಿನ ಕಿರುಗುಡಿಕೆ.
ಬೆರಳುಗಳು ಮೇಜಿನಲ್ಲಿ ಹುಡುಕುತ್ತಿವೆ.
ನಾನು ಮೆಲ್ಲನೆ ಬರೆದೆ: ಓಮ್.

"ನಾ ಇನ್ನೂ ಹೇಳೇ ಇಲ್ಲ. ಏನು ಬರದಿ?"
"..."
"ಹೊಡಿ."
"ಅಕ್ಕಾ, ಅದು ಸರಿ ಐತಿ."
"ತಪ್ಪಿದ್ರ ನಂದು, ಬಿಟ್ಟಿದ್ರ ನಂದು. ನಿಂದು ಕೈ ಅಷ್ಟ."
ಒಮ್ಮೆ ಹೊಡೆದೆ. ಇನ್ನೂ ಓದಲು ಬರುತ್ತಿತ್ತು.
ಮತ್ತೊಮ್ಮೆ ಹೊಡೆದೆ.
ಎರಡೂ ಸಲ ಅವಳು ಕಿವಿಗೊಟ್ಟಿದ್ದಳು.

ಜೂನಿನಲ್ಲಿ ನನಗೊಂದು ಪ್ರಮಾಣಪತ್ರ ಬಂತು.
ಥದ ಚುಕ್ಕೆ ಮರೆತು
‘ನಿಸ್ವಾರ್ಧ ಸೇವೆಗಾಗಿ’ ಎಂದು ಅಚ್ಚಾಗಿತ್ತು.
ಅರ್ಧವೆಂಬುದು ನಿಜವೇ; ಉಳಿದರ್ಧ ಬಿಸ್ಕೀಟು.
ಅವಳು ಲಿಂಗಸುಗೂರಿಗೆ ಕಾಲೇಜಿಗೆ ಹೋದಳಂತೆ.
ಕನ್ನಡದಲ್ಲಿ ಎರಡು ಅಂಕ ಹೋದವಂತೆ.
ಯಾರ ಪಾಲಿನವು ಅಂತ ಯಾರೂ ಹೇಳಲಿಲ್ಲ.

ಮರುವರ್ಷ ಅದೇ ಸಾಲಿ, ಉದ್ದದ ಕೋಣೆ, ನನ್ನ ನಂಬರು.
ಪ್ರಶ್ನೆ ಓದಿದೆ, ಪೆನ್ನು ಹಿಡಿದೆ,
ಯಾರಾದರೂ ಹೇಳಲೆಂದು ಕೈ ಕಾಯುತ್ತ ಕೂತಿತು.
ಆಮೇಲೆ ಬರೆಯತೊಡಗಿದೆ.
ಧ ಬಂದಲ್ಲೆಲ್ಲ ಹೊಟ್ಟೆ ಸೀಳಿದೆ,
ಸಪ್ಪಳವಾಗುವ ಹಾಗೆ,
ಪಕ್ಕದ ಹುಡುಗ ತಿರುಗಿ ನೋಡುವ ಹಾಗೆ.