ಹಿಂದಿನ ಸೀಟು

ಸಂಪಾಜೆ ಘಾಟಿಯ ತಿರುವಿನಲ್ಲಿ
ಟಾರ್ಪಾಲು ಸುತ್ತಿದ ಹದಿನೆಂಟು ಅಡಿ ಉದ್ದದ ಏನೋ ಒಂದು
ಲಾರಿಯ ಮೇಲೆ ಮಲಗಿ ಬೆಟ್ಟ ಹತ್ತುವುದ ಕಂಡು
ಜೇನು ಮಾರುವ ಹುಡುಗ ಕೈ ಮುಗಿದುಬಿಟ್ಟ.
ಹೆಣವೋ ದೇವರೋ, ಅವನಿಗೇನು ಗೊತ್ತು.

ತಣ್ಣೀರುಬಾವಿಯ ಗ್ರೆಗರಿ ಕುಟಿನ್ಹೊ ಹೇಳಿದ್ದ:
"ನೂರಹತ್ತು ಓಡ್ತದೆ. ಸೊಂಟ ಸರಿ ಇದ್ದಿದ್ರೆ
ನಾನು ಇದನ್ನು ಕೊಡ್ತಲೇ ಇರ್ಲಿಲ್ಲ."
ಹಳೆ ಎಂಜಿನ್ನು ಮಾರುವವರಿಗೆಲ್ಲ ಒಂದೊಂದು ಸೊಂಟ.
ಸಿಲಿಂಡರಿಗೆ ಮೀಟರು ತಿರುಪಿ ಒತ್ತಡ ಅಳೆದೆ.
ಐದು ಗಟ್ಟಿ. ಆರನೆಯದು ಸ್ವಲ್ಪ ಅಳುಕಿತು.
ಆ ಅಳುಕಿಗೆ ನಲವತ್ತು ಸಾವಿರ ಇಳಿಸಿದೆ.

ಅರ್ಧ ದುಡ್ಡು ಪೂಣಚ್ಚ ಭಾವನದು, ಕರಿಮೆಣಸು ಮಾರಿದ್ದು.
ಅರ್ಧ ನನ್ನದು: ಹನ್ನೆರಡು ಬೇಸಿಗೆ
ಕಾಫಿ ಹೂವಿಗೆ ನೀರು ಚಿಮ್ಮಿಸುವ ಪಂಪುಗಳ
ಕೆಮ್ಮು ಕೇಳಿ ಕೇಳಿ ಗಳಿಸಿದ್ದು.
ಭಾವನಿಗೆ ಈಜು ಬಾರದು. ತೂಕ ತೊಂಬತ್ತೆರಡು ಕಿಲೊ.
ಹಿಂದಿನ ಸೀಟು ಅವನದೆಂದು ಮೊದಲೇ ಮಾತಾಗಿತ್ತು.

ಹಾರಂಗಿಯ ಹಿನ್ನೀರಿಗೆ ಇಳಿಸಿದ ದಿನ
ಎಂಬತ್ತಮೂರು ದಾಟಲಿಲ್ಲ.
ಕಡಲ ಮಟ್ಟದ ದಪ್ಪ ಗಾಳಿ ಕುಡಿದು ಬೆಳೆದದ್ದು;
ಇಲ್ಲಿ ಎರಡೂಮುಕ್ಕಾಲು ಸಾವಿರ ಅಡಿ ಮೇಲೆ
ಪೆಟ್ರೋಲು ಹೆಚ್ಚಾಗಿ, ಉಸಿರು ಸಾಲದೆ,
ಮದುವೆ ಊಟ ಮುಗಿಸಿ ಮೆಟ್ಟಿಲು ಹತ್ತುವ ನೆಂಟನ ಹಾಗೆ
ನಡುವೆ ನಡುವೆ ನಿಂತು ಹೊಗೆ ಬಿಟ್ಟಿತು.

ಜೆಟ್ಟುಗಳನ್ನು ಸಣ್ಣದು ಮಾಡಿದೆ. ಎಂಬತ್ತೆಂಟು.
ಸುಂಟಿಕೊಪ್ಪದ ಅದ್ರಾಮ ಪ್ರೊಪೆಲ್ಲರಿನ ರೆಕ್ಕೆ ಕಾಯಿಸಿ
ಓರೆಯನ್ನು ಎರಡಿಂಚು ತಗ್ಗಿಸಿಕೊಟ್ಟ. ತೊಂಬತ್ತು.
ಎಂಜಿನ್ನನ್ನು ಒಂದು ತೂತು ಮೇಲಕ್ಕೆ ಕೂರಿಸಿದೆವು. ತೊಂಬತ್ತೆರಡು.
ಇನ್ನೊಂದು ತೂತು ಮೇಲೆ:
ರೆಕ್ಕೆ ನೀರು ಬಿಟ್ಟು ಗಾಳಿ ಕಡಿಯಿತು,
ಎಂಜಿನ್ನು ಕಿರುಚಿತು, ದೋಣಿ ಅಲ್ಲೇ.
ಅರ್ಧ ತೂತು ಬೇಕಿತ್ತು.
ಜಗತ್ತಿನಲ್ಲಿ ಅರ್ಧ ತೂತು ಎಲ್ಲಿ ಸಿಗುತ್ತದೆ?
ಕೊರೆದೆವು.

ಮಳೆ ಹಿಡಿದಾಗ ಪಲ್ಪರ್ ಶೆಡ್ಡಿನಲ್ಲಿ ಮಗುಚಿ ಹಾಕಿ
ಹೊಟ್ಟೆಗೆ ಉಕ್ಕಿನ ಪಟ್ಟಿ ಒತ್ತಿ ಟಾರ್ಚು ಬಿಟ್ಟೆ.
ಹಿಂಬದಿಯಲ್ಲಿ, ಒಂದು ಕಾಳುಮೆಣಸು ನುಸುಳುವಷ್ಟು
ಬೆಳಕು ಆಚೆಗೆ ಬಂತು.
ಎಷ್ಟು ವರ್ಷ ಟ್ರೇಲರಿನ ಕಂಬಿಯ ಮೇಲೆ ಕೂತು ಕೂತು
ಬಗ್ಗಿದ ಬೆನ್ನೋ. ತುಂಬಿದೆ, ಒಣಗಿಸಿದೆ, ಉಜ್ಜಿದೆ.
ಊಟದ ತಟ್ಟೆಯಲ್ಲೂ ಬಿಳಿ ಪುಡಿ.
ದೇಚವ್ವಕ್ಕ ಒಂದು ತಿಂಗಳು ನನ್ನೊಡನೆ ಮಾತು ಬಿಟ್ಟಳು;
ಕೈಲ್‌ಪೊಳ್ದಿನ ದಿನ ಮಾತ್ರ
ಕೋವಿಗೆ ಸಿಕ್ಕಿಸಿ ಉಳಿದ ತೋಕ್‌ಪೂ ಒಂದನ್ನು ತಂದು
ಎಂಜಿನ್ನಿನ ಸಂದಿಗೆ ಇಟ್ಟು, ಹಾಗೇ ಹೋದಳು.

ತೊಂಬತ್ತೇಳು.
ಮಾರನೆಯ ಬೆಳಿಗ್ಗೆಯೂ ತೊಂಬತ್ತೇಳು.
ಗಾಳಿಯಿಲ್ಲದ ಆ ಭಾನುವಾರವೂ.
"ಆ ಮೂರು ನಾನೇ ಅಲ್ವಾ, ಮುತ್ತಕ್ಕಿ?" ಅಂದ ಭಾವ.
ನಾನು ಏನೂ ಹೇಳುವ ಮೊದಲೇ ಸ್ಪ್ಯಾನರು ಹಿಡಿದು
ನಾಲ್ಕು ಬೋಲ್ಟು ಕಳಚಿ, ಸೀಟನ್ನು ಹೊತ್ತು ಇಳಿದು,
ದಡದ ಕೆಸರಿನಲ್ಲಿ ಅದನ್ನಿಟ್ಟು ಅದರ ಮೇಲೆ ಕೂತ,
ತೊಡೆಯ ಮೇಲೆ ನನ್ನ ಟವೆಲು.

ತೊಂಬತ್ತರ ಮೇಲೆ ನೀರು ನೀರಾಗಿರುವುದಿಲ್ಲ, ಜಲ್ಲಿರಸ್ತೆ.
ಆಮೇಲೆ ಅದೂ ಇರುವುದಿಲ್ಲ.
ಮೂಗು ಎದ್ದಿತು, ಹಗುರಾಯಿತು, ಬೇಡದಷ್ಟು ಹಗುರಾಯಿತು,
ಹಿಂದಿನಿಂದ ಯಾರೂ
"ಸಾಕು ಮಾರಾಯ್ತಿ" ಅನ್ನಲಿಲ್ಲ.
ಫೋನಿನ ಗಾಜಿನಲ್ಲಿ ನೂರಾ ಎರಡು.
ಎರಡು ಸೆಕೆಂಡು ಇದ್ದೀತು.
ಕೈ ಸಡಿಲಿಸಿದೆ. ದೋಣಿ ಧಪ್ಪನೆ ಕೂತಿತು.
ನಾನೇ ಎಬ್ಬಿಸಿದ ಅಲೆ ತಡವಾಗಿ ಬಂದು
ನನ್ನನ್ನೊಮ್ಮೆ ಎತ್ತಿ, ಇಳಿಸಿ, ಮುಂದೆ ಹೋಯಿತು.

"ಎಷ್ಟು?"
"ತೊಂಬತ್ತೇಳೇ, ಭಾವ. ನಿಂದೇನಿಲ್ಲ."
ಗ್ರೆಗರಿ ಮೇಲಕ್ಕೆ ಹೇಳಿದ್ದ.

ಭಾವ ಮಾತಾಡಲಿಲ್ಲ. ಪ್ಲಗ್ಗು ಒಂದನ್ನು ಬಿಚ್ಚಿ
ಟವೆಲಿನಲ್ಲಿ ಹಿಡಿದು ಬಿಸಿಲಿಗೆ ತಿರುಗಿಸಿದ.
ಕಪ್ಪಲ್ಲ, ಬಿಳಿಚಿಲ್ಲ.
ನಲವತ್ತು ವರ್ಷ ಬೀಜದ ಬಣ್ಣ ನೋಡಿ ಬೆಲೆ ಕಟ್ಟಿದ ಕಣ್ಣು.
"ಹದವಾಗಿ ಹುರಿದಿದೆ," ಅಂದ.
ಮತ್ತೆ ಸೀಟು ಹೊತ್ತು ತಂದು
ಬೋಲ್ಟುಗಳನ್ನು ತಾನೇ ಬಿಗಿದ.
ಕೊನೆಯದಕ್ಕೆ ಎರಡು ಸುತ್ತು ಹೆಚ್ಚು.