ಮುನೀಮರ ಮೇಜಿಗೆ ಕಾಲು

ಆಟೋದಾಗಿಂದ ಇಳಿಸೂವಾಗಽ ಅಂದೆ,
ಇದು ಮೇಜಲ್ಲ ಅಕ್ಕಾರ, ಪೆಟಗಿ.
ನೆಲದ ಮ್ಯಾಲ ಇಟ್ಟು, ಮುಂದ ಚಕ್ಕಳಮಕ್ಕಳ ಕುಂತು
ಲೆಕ್ಕ ಬರಿಯೂದು. ಇದಕ್ಕ ಕಾಲಿರಂಗಿಲ್ಲ.

"ಹಚ್ಚ್ರಿ" ಅಂದರು ಇಂದುಮತಿ ಅಂಗಡಿ.
ಮೊಬೈಲ್ ತಗದು ಚಿತ್ರ ತೋರಿಸಿದರು:
ಮ್ಯಾಲ ದಪ್ಪ, ಕೆಳಗ ಸಣ್ಣ, ಹೊರಗ ಚಾಚಿದ ನಾಕು ಕಾಲು,
ಈಗಷ್ಟ ಹುಟ್ಟಿದ ಕರ ಎದ್ದು ನಿಂತಂಗ.

ಹಳೇ ಹುಬ್ಬಳ್ಳಿಯೊಳಗ ಮೂವತ್ತು ವರ್ಷ ಗರಗಸ ಹಿಡದೀನಿ,
ತರಾವರಿ ಹುಚ್ಚು ನೋಡೀನಿ.
ವಿದ್ಯಾನಗರದ ಡಾಕ್ಟರೊಬ್ಬರು ಹೊಸಾ ಮಂಚ ಮಾಡಿಸಿ
"ಹಳೇದು ಕಾಣಬೇಕು ಗೌಸುಸಾಬ, ಸರಪಳಿಲೆ ಬಡೀರಿ" ಅಂದರು.
ಬಡದೆ. ಕೂಲಿ ಕೊಟ್ಟರು.
ಮಂಚ ಏನ್ ತಪ್ಪು ಮಾಡಿತ್ತು, ತಿಳೀಲಿಲ್ಲ.

ಇದಕ್ಕ ಹೊಡತ ಬೇಕಾಗಿರಲಿಲ್ಲ.
ಬಲಗಡೆ ಅಂಚಿನಾಗ ಒಂದು ತಗ್ಗು,
ಉಳಿ ತಗದದ್ದಲ್ಲ, ಮೊಣಕೈ ತಗದದ್ದು.
ಹಿತ್ತಾಳಿ ಬಿಜಾಗರಿ ಹಸರು ಹಿಡದು,
ಇಳಕಲು ಮುಚ್ಚಳದ ತುಂಬ ಮಸಿ,
ಒಳಗ ಜಂಗು ತಿಂದ ಗುಂಡುಸೂಜಿ,
ತಳದ ಹಲಗಿಗೆ ಪೆನ್ಸಿಲಿಲೆ ಬರದದ್ದು:
ಕಡ ೪ ರೂ. ಹೇಳಿಲ್ಲ.
ಯಾರಿಗೆ ಹೇಳಿಲ್ಲ, ಯಾಕ ಹೇಳಿಲ್ಲ,
ಪೆಟಗಿನೂ ಹೇಳಲಿಲ್ಲ.

ರಂದಾ ಹೊಡದೆ.
ಕರ್ರನ್ನ ಪದರ ಸುರಳಿ ಸುರಳಿಯಾಗಿ ಬಿತ್ತು,
ಮಸಿ ಅರ್ಧ ಹೋತು, ಅರ್ಧ ಆಳಕ್ಕ ಇಳದಿತ್ತು.
ಒಳಗಿಂದ ಸಾಗವಾನಿ ಜೇನಬಣ್ಣದಾಗ ಬಂತು,
ಓಣಿ ತುಂಬ ವಾಸನಿ.
ತಗ್ಗಿನ ಹತ್ರ ಬಂದು ನಿಂತೆ. ಫೋನ್ ಹಚ್ಚಿದೆ:
"ಪುಟ್ಟಿ ತುಂಬಲ್ಯೋ? ಸಪಾಟ ಆಗತೈತಿ."
ಆ ಕಡೆ ಭಾಳ ಹೊತ್ತು ಸದ್ದಿಲ್ಲ.
"ಬ್ಯಾಡ. ನಮ್ಮಜ್ಜನ ಮೊಣಕೈ ಅದು."

ನಾ ತಿಳಕೊಂಡಿದ್ದೆ ಅಜ್ಜ ಸಾವಕಾರ,
ಜವಳಿ ಸಾಲಿನ ಆ ಅಂಗಡಿ ಇವರದಽ ಅಂತ.
ಅಂಗಡಿ ಅನ್ನೂದು ಬರೇ ಅಡ್ಡಹೆಸರು.
ಸಾವಕಾರ ಗಾದಿ ಮ್ಯಾಲ, ಲೋಡಿಗೆ ಒರಗಿ;
ಪೆಟಗಿ ಹಾಸುಗಲ್ಲಿನ ಮ್ಯಾಲ, ಅದರ ಮುಂದ ಅಜ್ಜ,
ಮೂವತ್ತೆಂಟು ವರ್ಷ.
ಗಿರಾಕಿಗೆ ಕುರ್ಚಿ ಇತ್ತಂತ.
ಅಂಗಡಿ ಕೆಡವಿ ಕಾಂಪ್ಲೆಕ್ಸ್ ಕಟ್ಟೂವಾಗ
ಹಳೇ ಕಟಗಿ ತೂಕಕ್ಕ ಹಾಕಿದ್ದರು.
ಆ ಗುಂಪಿಯಾಗ ಕೈ ಹಾಕಿ ಹುಡುಕಿ ತಂದಾರ ಇವರು.
ಹನ್ನೊಂದು ಕಿಲೋ.

"ಕಾಲು ಎಷ್ಟು ಎತ್ತರ?" ಅಂದೆ.
"ಕುರ್ಚಿ ಮ್ಯಾಲ ಕುಂತು ಬರಿಯೂವಷ್ಟು."

ಮಸಿಕುಡಿಕಿ ಇಡೂ ಗುಂಡಿ ಆರಪಾರ ಕೊರದೆ,
ಚಾರ್ಜರಿನ ವೈರು ಈಗ ಅದರಾಗ ಇಳೀತೈತಿ.
ಲ್ಯಾಪ್‌ಟಾಪ್ ಜಾರಬಾರದಂತ
ಕೆಳ ಅಂಚಿಗೆ ಬೆರಳ ದಪ್ಪದ ಪಟ್ಟಿ.
ಅರಗಿನ ಪಾಲಿಶ್ ಆರು ಕೈ, ಅರಿವೀಲೆ ತಿಕ್ಕಿ ತಿಕ್ಕಿ.
ಪೆನ್ಸಿಲಿನ ಸಾಲಿನ ಮ್ಯಾಲ ಮಾತ್ರ
ಒಂದಽ ಕೈ, ಹಗೂರಕ.

ಗೋಕುಲ ರೋಡ್, ನಾಕನೇ ಮಾಳಿಗಿ.
ಕಿಡಕಿ ಬಾಜೂಕ ಇಟ್ಟೆ.
ಜಿಎಸ್‌ಟಿ ಫೈಲು ಬಂದು ಕುಂತವು,
ಊರ ಮಂದಿ ಲೆಕ್ಕ ಈಗ ಇವರ ಕೈಯಾಗ.
ಅಲ್ಲಾಡತೈತೇನು ನೋಡಾಕ ನೆಲಕ್ಕ ಕುಂದ್ರಾಕ ಹೋದೆ.
"ಕೆಳಗ್ಯಾಕ್ರಿ? ಕುರ್ಚಿ ಮ್ಯಾಲ ಕುಂತು ನೋಡ್ರಿ" ಅಂದರು.

ಕುಂತೆ.
ಬಲ ಮೊಣಕೈ ತಾನಽ ಹೋಗಿ ತಗ್ಗು ಹುಡುಕಿಕೊಂತು.
ಮೇಜು ಅಲ್ಲಾಡಲಿಲ್ಲ.
ಚಾ ಬಂತು. ಕೆಳಗ ನೋಡತೀನಿ,
ನನ್ನೆರಡೂ ಕಾಲು, ನನ್ನ ಕೇಳದಽ,
ಕುರ್ಚಿ ಮ್ಯಾಲ ಬಂದು ಚಕ್ಕಳಮಕ್ಕಳ ಹಾಕ್ಯಾವ.